ಫ್ಯಾಮಿಲಿ ರೂಮಿನಲ್ಲಿ ಅಮ್ಮ

ಆಗೆಲ್ಲ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಹೋಟೆಲಿಗೆ ಹೋಗುವವರು ಗಂಡಸರು. ಹೆಂಗಸರು ಮಕ್ಕಳ ಪಾಲಿಗೆ ಹೋಟೆಲೇ ಮನೆಗೆ ಬರುತ್ತಿತ್ತು, ಬಾಳೆಯೆಲೆಯೊಳಗೆ, ಮೇಲೊಂದು ಹಳೆಯ ಪೇಪರು ಸುತ್ತಿ ದಾರ ಕಟ್ಟಿಸಿಕೊಂಡು. ನೀವೂ ಆ ಕಾಲದವರಾದರೆ ಆ ಪೊಟ್ಟಣ ಬಿಚ್ಚುವಾಗಿನ ವಾಸನೆ ನಿಮಗೂ ಗೊತ್ತಿರುತ್ತದೆ. ಬಾಡಿದ ಎಲೆ, ಬೆಂದ ಈರುಳ್ಳಿ, ಒದ್ದೆಯಾದ ಪೇಪರಿನ ಮಸಿ, ಎಲ್ಲ ಸೇರಿದ ಒಂದು ವಾಸನೆ.

ನಮ್ಮ ಮನೆಗೆ ಅದನ್ನು ತರುತ್ತಿದ್ದವನು ಅಪ್ಪ. ಅವನು ದೊಡ್ಡಪ್ಪನ ಶೆಡ್ಡಿನಲ್ಲಿ ಮಗ್ಗ ಓಡಿಸುತ್ತಿದ್ದ. ಶೆಡ್ಡು ಬೀದಿ ಕಡೆಗೆ, ಅದರ ಹಿಂದೆ ದೊಡ್ಡಪ್ಪನ ಮನೆ, ಅದರ ಪಕ್ಕಕ್ಕೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಅಪ್ಪ, ಅಮ್ಮ, ನಾನು, ತಮ್ಮ ಮಂಜು. ಮಗ್ಗದ ಸದ್ದಿನಲ್ಲೇ ನಾವು ಮಲಗುತ್ತಿದ್ದೆವು, ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರಾಗುತ್ತಿತ್ತು. ಶನಿವಾರ ಕೂಲಿ ಬಟವಾಡೆ. ತಿಂಗಳಲ್ಲಿ ಒಂದು ಶನಿವಾರ ಅಪ್ಪ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಿಂದ ಮಸಾಲೆ ದೋಸೆ ಕಟ್ಟಿಸಿಕೊಂಡು ಬರುತ್ತಿದ್ದ. ಮನೆ ತಲುಪುವಷ್ಟರಲ್ಲಿ ದೋಸೆ ತನ್ನ ಹಬೆಯಲ್ಲೇ ಬೆವರಿ ಮೆತ್ತಗಾಗಿ, ಕೆಂಪು ಚಟ್ನಿ ಕುಡಿದು, ಪಲ್ಯದ ಜೊತೆ ಒಂದೇ ಮುದ್ದೆಯಾಗಿರುತ್ತಿತ್ತು. ಹೋಟೆಲಿನ ಮಸಾಲೆ ದೋಸೆ ಎಂದರೆ ಇರುವುದೇ ಹಾಗೆ ಎಂದು ನಾವು ತಿಳಿದಿದ್ದೆವು. ಅಮ್ಮನೂ ಹಾಗೇ ತಿಳಿದಿದ್ದಳು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಆಷಾಢದಲ್ಲಿ ಅಪ್ಪನಿಗೆ ಕಾಮಾಲೆ ಬಂತು. ಮೊದಲು ಕಣ್ಣು ಹಳದಿಯಾಯಿತು, ಆಮೇಲೆ ಉಗುರು. ನಾಟಿ ಔಷಧಿ ಕೊಡಿಸಿದರು, ಆಸ್ಪತ್ರೆಗೆ ಸೇರಿಸಿದರು. ಅಪ್ಪ ವಾಪಸ್ಸು ಬಂದಾಗ ಅವನನ್ನು ಮನೆ ಮುಂದೆ ಮಲಗಿಸಿದ್ದರು. ಅವತ್ತು ಶೆಡ್ಡಿನ ಮಗ್ಗಗಳೆಲ್ಲ ನಿಂತಿದ್ದವು. ಬೀದಿಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಹಗಲು ಹೊತ್ತು ಕೇಳಿರಲಿಲ್ಲ. ನಾನು ಅಳಲಿಲ್ಲ. ಯಾರೋ ಹೆಂಗಸು ನನ್ನ ತಲೆ ಹಿಡಿದು ಎದೆಗೊತ್ತಿಕೊಂಡು ‘ಅಳ್ಬಿಡು ಮಗ, ಅಳ್ಬಿಡು’ ಎಂದರು. ಅವರ ಸೀರೆ ಸೀಗೇಕಾಯಿ ವಾಸನೆ ಹೊಡೆಯುತ್ತಿತ್ತು. ಅದೊಂದೇ ನನಗೆ ಚೆನ್ನಾಗಿ ನೆನಪಿರುವುದು.

ತಿಥಿ ಮುಗಿದ ಮೇಲೆ ಅಪ್ಪನ ಮಗ್ಗಕ್ಕೆ ಬೇರೆಯವರು ಬಂದರು. ಅಮ್ಮ ಕಂಡಿಕೆ ಸುತ್ತಲು ಕೂತಳು; ಲಾಳಿಯೊಳಗೆ ಇಡುವ ಸಣ್ಣ ಕೊಳವೆಗಳಿಗೆ ನೂಲು ತುಂಬಿಸುವ ಕೆಲಸ ಅದು. ದೊಡ್ಡಪ್ಪ ಕೊಟ್ಟ ಕೆಲಸ, ದೊಡ್ಡಪ್ಪ ಕೊಟ್ಟ ಕೋಣೆ. ವರ್ಷದೊಳಗೆ ಹಬ್ಬವಿಲ್ಲ ಎಂದರು. ಗೌರಿಹಬ್ಬ, ದಸರಾ, ದೀಪಾವಳಿ ನಮ್ಮ ಬಾಗಿಲ ಮುಂದೆಯೇ ಹಾದುಹೋದವು. ಪಕ್ಕದ ಮನೆಗಳಿಂದ ಒಬ್ಬಟ್ಟು ಬರುತ್ತಿತ್ತು. ಅಮ್ಮ ಅದನ್ನು ತಟ್ಟೆಯಲ್ಲಿ ಮುಚ್ಚಿಡುತ್ತಿದ್ದಳು, ನಾವು ತಿನ್ನುತ್ತಿದ್ದೆವು, ಅವಳು ಮುಟ್ಟುತ್ತಿರಲಿಲ್ಲ.

ಅಡುಗೆ ಮಾಡುತ್ತಿದ್ದಳು. ಆದರೆ ಒಂದು ದಿನ ಸಾರಿಗೆ ಉಪ್ಪೇ ಇರುತ್ತಿರಲಿಲ್ಲ, ಇನ್ನೊಂದು ದಿನ ಬಾಯಿಗಿಡಲಾಗದಷ್ಟು ಇರುತ್ತಿತ್ತು. ‘ಅಮ್ಮಾ, ಉಪ್ಪಿಲ್ಲ’ ಎಂದು ಮಂಜು ಹೇಳಿದರೆ ಉಪ್ಪಿನ ಭರಣಿಯನ್ನೇ ತಂದು ಅವನ ಮುಂದಿಡುತ್ತಿದ್ದಳು. ಅದೇ ಸಾರಿನಲ್ಲಿ ಮುದ್ದೆ ಅದ್ದಿ ನುಂಗುತ್ತಿದ್ದ ಅವಳಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ನಾವೂ ಹೇಳುವುದನ್ನು ಬಿಟ್ಟೆವು. ಹೊರಗೂ ಹಾಗೆಯೇ ಇತ್ತು. ಕುಂಟೆಬಿಲ್ಲೆ ಆಡುವಾಗ ನನ್ನ ಬಿಲ್ಲೆ ಗೆರೆಯ ಮೇಲೆ ಬಿದ್ದರೂ ಹುಡುಗಿಯರು ಔಟ್ ಎನ್ನುತ್ತಿರಲಿಲ್ಲ. ಒಂದೆರಡು ವಾರ ಹಾಗೆ ಗೆದ್ದು ಗೆದ್ದು ನಾನು ಆಡಲು ಹೋಗುವುದನ್ನೇ ನಿಲ್ಲಿಸಿದೆ.

ಚಳಿಗಾಲ ಶುರುವಾದಾಗ ಮಂಜುವಿಗೆ ಕಿವಿ ನೋವು ಬಂತು. ಒಂದು ಬೆಳಿಗ್ಗೆ ಅಮ್ಮ ನಮ್ಮಿಬ್ಬರನ್ನೂ ಕರೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದಳು. ಮಂಜುವಿನ ಕಿವಿಗೆ ಹತ್ತಿ ತುರುಕಿಸಿಕೊಂಡು ವಾಪಸ್ಸು ಬರುತ್ತ ಬಸ್‌ಸ್ಟ್ಯಾಂಡ್ ದಾಟುವಾಗ ಅಮ್ಮ ನಡೆಯುವುದನ್ನು ನಿಲ್ಲಿಸಿದಳು. ಅಪ್ಪ ದೋಸೆ ಕಟ್ಟಿಸುತ್ತಿದ್ದ ಹೋಟೆಲು ಅದು. ಒಳಗಿನಿಂದ ಕಾದ ಕಾವಲಿಗೆ ನೀರು ಚಿಮುಕಿಸಿದ ಚುಂಯ್ ಸದ್ದು ಬಂತು, ಹಿಂದೆಯೇ ತುಪ್ಪದ ವಾಸನೆ.

‘ಹಸಿವಾಗ್ತೈತೆ ಕಣೆ’ ಎಂದಳು ಅಮ್ಮ. ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು.

‘ಮನೆಗೆ ಹೋಗೋಣ’ ಎಂದೆ.

ಅವಳು ಮೆಟ್ಟಿಲು ಹತ್ತಿಯಾಗಿತ್ತು. ಒಳಗೆ ಕೂತಿದ್ದ ಗಂಡಸರು ಒಮ್ಮೆ ತಲೆಯೆತ್ತಿ ನೋಡಿದರು. ಅಮ್ಮನ ಹಣೆಯಲ್ಲಿ ಕುಂಕುಮವಿರಲಿಲ್ಲ, ಕೈಯಲ್ಲಿ ಬಳೆಯಿರಲಿಲ್ಲ. ಗಲ್ಲಾದಲ್ಲಿದ್ದ ಹಿರಿಯರು ಎದ್ದು ನಿಂತು, ‘ಒಳಗೆ ಫ್ಯಾಮಿಲಿ ರೂಮ್ ಐತೆ ತಾಯಿ, ಅಲ್ಲಿ ಕೂತ್ಕೊಳ್ಳಿ’ ಎಂದರು.

ಫ್ಯಾಮಿಲಿ ರೂಮೆಂದರೆ ಅಡುಗೆಮನೆಯ ಪಕ್ಕದ ಒಂದು ಗೂಡು. ಬಾಗಿಲಿಗೆ ಹಸಿರು ಪರದೆ, ಕೈ ತಾಗುವ ಕಡೆ ಜಿಡ್ಡು ಹಿಡಿದು ಕಪ್ಪಾಗಿತ್ತು. ಒಂದು ಮೇಜು, ನಾಲ್ಕು ಕುರ್ಚಿ. ಸಪ್ಲೈಯರು ಬಂದು ಇರುವ ತಿಂಡಿಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದ. ಅಮ್ಮ ‘ಮೂರು ಮಸಾಲೆ’ ಎಂದಳು, ದಿನಾ ಬರುವವಳ ಹಾಗೆ.

ಬಂದ ದೋಸೆ ಕೆಂಪಗೆ, ತಟ್ಟೆಯ ಆಚೆಗೂ ಚಾಚಿಕೊಂಡಿತ್ತು. ಮಂಜು ಬೆರಳಲ್ಲಿ ಒತ್ತಿದ. ಅದು ಮುರಿಯಿತು.

‘ಇದು ಮಸಾಲೆ ದೋಸೆ ಅಲ್ಲ’ ಎಂದ. ‘ಅಪ್ಪ ತರ್ತಿದ್ದಿದ್ದು ಮೆತ್ತಗಿತ್ತು.’

ಅಮ್ಮನೂ ಒಂದು ಚೂರು ಮುರಿದು ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ‘ಇದು ಬಿಸೀದು ಕಣೋ’ ಎಂದಳು. ‘ಬಿಸೀದು ಹಿಂಗಿರ್ತೈತೆ ಅಂತ ಕಾಣ್ತೈತೆ.’

ಆಮೇಲೆ ತಿನ್ನತೊಡಗಿದಳು. ಆಸೆಯಿಂದ ತಿನ್ನುವವರ ಹಾಗಲ್ಲ. ಕಂಡಿಕೆ ಸುತ್ತುವ ಹಾಗೆ, ಒಂದೇ ವೇಗದಲ್ಲಿ, ಎಲ್ಲೋ ನೋಡುತ್ತ. ದೋಸೆ ಮುಗಿಯಿತು. ಇನ್ನೊಂದು ಹೇಳಿದಳು. ಅದೂ ಮುಗಿದ ಮೇಲೆ ಬಾದಾಮಿ ಹಾಲು ತರಿಸಿದಳು. ಅವಳು ನಮ್ಮನ್ನು ಮರೆತಿದ್ದಾಳೇನೋ ಎಂದು ನನಗೆ ಭಯವಾಯಿತು.

‘ಹೆಂಗೈತೆ ಅಮ್ಮಾ?’ ಎಂದೆ.

‘ಗೊತ್ತಾಗ್ತಿಲ್ಲ ಕಣೆ. ಬಿಸಿ ಐತೆ ಅನ್ನೋದು ಗೊತ್ತಾಗ್ತೈತೆ, ಅಷ್ಟೇ.’

ನಾವು ಮನೆ ಸೇರುವ ಮುಂಚೆಯೇ ಸುದ್ದಿ ಸೇರಿತ್ತು. ಗಂಡ ಸತ್ತು ವರ್ಷ ತುಂಬದವಳು ಹೋಟೆಲಿನಲ್ಲಿ ಕೂತು ಎರಡೆರಡು ದೋಸೆ ತಿಂದಳು ಎಂಬುದು ನಮ್ಮ ಬೀದಿಗೆ ಸಣ್ಣ ಸುದ್ದಿಯಲ್ಲ. ಸಂಜೆ ದೊಡ್ಡಪ್ಪ ನಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತರು. ಅಮ್ಮ ಕದದ ಪಕ್ಕಕ್ಕೆ ಸರಿದು ನಿಂತಳು.

‘ಏನಮ್ಮಾ ರತ್ನಾ, ಜನ ಏನೇನೋ ಅಂತಾವ್ರೆ. ನೀನಲ್ಲ ಅಂತ ಹೇಳ್ಬಂದೆ ನಾನು.’

‘ನಾನೇ ಭಾವ.’

ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈಗೆ ಸುತ್ತಿಕೊಂಡರು. ‘ಆಸೆಯಾದ್ರೆ ಕಟ್ಟಿಸ್ಕೊಂಡು ತಂದ್ಕೊಡ್ತಿರ್ಲಿಲ್ವಾ ನಾನು? ಅವ್ನು ಹೋದ್ಮೇಲೆ ನಾನೂ ಹೋಟ್ಲು ಮೆಟ್ಲು ಹತ್ತಿಲ್ಲ.’

‘ಆಸೆ ಏನಿಲ್ಲ ಭಾವ. ಮನೇಲಿ ಏನ್ ತಿಂದ್ರೂ ಮಣ್ಣು ತಿಂದಂಗೈತೆ. ಅಲ್ಲಾದ್ರೂ ನಾಲಿಗೆಗೆ ಏನಾದ್ರೂ ಗೊತ್ತಾಗ್ತೈತಾ ಅಂತ ನೋಡೋಕೆ ಹೋದೆ. ಗೊತ್ತಾಗ್ಲಿಲ್ಲ. ಮುಂದಿನ ತಿಂಗ್ಳು ಇನ್ನೊಂದ್ಸಲ ಹೋಗಿ ನೋಡ್ತೀನಿ’ ಎಂದಳು.

ದೊಡ್ಡಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಶೆಡ್ಡಿಗೆ ಹೋದರು. ಅವತ್ತಿನಿಂದ ನಾನು ಕಾಯುತ್ತಿದ್ದೆ. ಕೋಣೆ ಬಿಡಿ ಎನ್ನುತ್ತಾರೆ, ಅಮ್ಮನಿಗೆ ಕೆಲಸ ಇಲ್ಲ ಎನ್ನುತ್ತಾರೆ, ನಾವು ತೂಬಗೆರೆಯ ಅಜ್ಜಿ ಮನೆಗೆ ಹೋಗಬೇಕಾಗುತ್ತದೆ ಎಂದುಕೊಂಡು ನನ್ನ ಸ್ಕೂಲ್ ಬ್ಯಾಗಿಗೆ ಎರಡು ಲಂಗವನ್ನೂ ತುರುಕಿಟ್ಟುಕೊಂಡಿದ್ದೆ. ಹೋಗಬೇಕಾದರೆ ಹೋಗುವುದು ಎಂದಷ್ಟೇ ಅನ್ನಿಸುತ್ತಿತ್ತು, ಬೇಜಾರೇನೂ ಇರಲಿಲ್ಲ.

ಮುಂದಿನ ತಿಂಗಳು ಒಂದು ಭಾನುವಾರ ಅಮ್ಮ ಸೀರೆ ಬದಲಾಯಿಸಿದಳು. ನಾವು ಚಪ್ಪಲಿ ಮೆಟ್ಟುತ್ತಿರುವಾಗ ದೊಡ್ಡಮ್ಮ ಬಂದಳು. ದಪ್ಪ ದೇಹ, ಸದಾ ಎಲೆಯಡಿಕೆ ಜಗಿಯುವ ಬಾಯಿ. ಅವಳೂ ಒಳ್ಳೆಯ ಸೀರೆ ಉಟ್ಟಿದ್ದಳು.

‘ಒಬ್ಬಳನ್ನೇ ಕಳಿಸ್ಬೇಡ ಅಂದವ್ರೆ ನಿಮ್ ಭಾವ.’

‘ನನ್ನ ಕಾಯೋಕೆ ಬಂದ್ಯಾ ಅಕ್ಕಾ?’

‘ಹೂಂ ಕಣೆ, ಕಾಯೋಕೇ.’ ದೊಡ್ಡಮ್ಮ ಬೀದಿಯ ಆಚೀಚೆ ನೋಡಿ ದನಿ ತಗ್ಗಿಸಿದಳು. ‘ಪೂರಿ ಅಲ್ಲಿ ಇಷ್ಟು ದಪ್ಪ ಉಬ್ಬಿರ್ತೈತಂತಲ್ಲ, ಹೌದಾ?’

ಮದುವೆಯಾಗಿ ಈ ಊರಿಗೆ ಬಂದ ಮೇಲೆ ದೊಡ್ಡಮ್ಮ ಹೋಟೆಲಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಎರಡು ಮಗ್ಗದ ಶೆಡ್ಡನ್ನು ಆರು ಮಗ್ಗಕ್ಕೆ ಏರಿಸಿದ ಮನೆಯ ಯಜಮಾನಿ ಅವಳು. ಪೂರಿ ಬಂದಾಗ ಅದರ ಉಬ್ಬಿಗೆ ಬೆರಳು ಚುಚ್ಚಿದಳು. ಹಬೆ ಹೊಡೆದು ‘ಅಯ್ಯಪ್ಪಾ!’ ಎಂದು ಬೆರಳನ್ನು ಬಾಯಿಗಿಟ್ಟುಕೊಂಡು ನಕ್ಕಳು. ಮಂಜು ನಕ್ಕ. ನಮ್ಮ ಮನೆಯ ಮಂದಿ ಅಷ್ಟು ಜೋರಾಗಿ ನಕ್ಕು ಬಹಳ ದಿನವಾಗಿತ್ತು. ಅಮ್ಮ ಮಾತ್ರ ಕೆರೆಯ ಆಚೆ ದಡದಲ್ಲಿರುವವರನ್ನು ನೋಡುವ ಹಾಗೆ ಅವಳನ್ನು ನೋಡುತ್ತ ತನ್ನ ದೋಸೆ ಮುರಿಯುತ್ತಿದ್ದಳು.

ಹೀಗೆ ಆ ಚಳಿಗಾಲ ಕಳೆಯಿತು. ತಿಂಗಳಿಗೊಮ್ಮೆ ನಾವು ಪರದೆಯ ಹಿಂದೆ ಕೂರುತ್ತಿದ್ದೆವು. ದೊಡ್ಡಮ್ಮ ಎಲ್ಲವನ್ನೂ ತಿಂದು ನೋಡಿದಳು: ಖಾರಾಬಾತ್, ಕೇಸರಿಬಾತ್, ಮದ್ದೂರು ವಡೆ. ಸಾಗುವಿನಲ್ಲಿ ಬಟಾಣಿ ಕಮ್ಮಿ ಎಂದು ಸಪ್ಲೈಯರನ ಜೊತೆ ವಾದ ಮಾಡುತ್ತಿದ್ದಳು. ಅಮ್ಮನದು ಅದೇ ಎರಡು ಮಸಾಲೆ, ಅದೇ ವೇಗ. ಪ್ರತಿ ಸಲವೂ ಕೊನೆಗೆ ದೊಡ್ಡಮ್ಮ ಮೆಲ್ಲಗೆ, ‘ಏನಾದ್ರೂ?’ ಎನ್ನುತ್ತಿದ್ದಳು. ಅಮ್ಮ ತಲೆಯಾಡಿಸುತ್ತಿದ್ದಳು, ಇಲ್ಲ ಎಂದು. ವೈದ್ಯರು ರೋಗಿಯನ್ನು ಕೇಳುವ ಹಾಗಿತ್ತು ಅದು. ಬೀದಿಯವರು ಸ್ವಲ್ಪ ದಿನ ಮಾತಾಡಿದರು. ಯಜಮಾನಿಯೇ ಜೊತೆಗಿದ್ದುದರಿಂದ ಮಾತು ತಾನಾಗಿ ನಿಂತಿತು.

ಯುಗಾದಿ ಕಳೆದಿತ್ತು. ಹೊರಗೆ ಬಿಸಿಲು, ಒಳಗೆ ಒಲೆಯ ಕಾವು, ಫ್ಯಾನಿಗೆ ಕರೆಂಟಿಲ್ಲ. ಅಮ್ಮ ಮೊದಲ ದೋಸೆಯ ಅರ್ಧದಲ್ಲಿದ್ದಳು. ಚೂರೊಂದನ್ನು ಚಟ್ನಿಗೆ ಅದ್ದಿ ಬಾಯಿಗಿಟ್ಟವಳು ಜಗಿಯುವುದನ್ನು ನಿಲ್ಲಿಸಿದಳು.

‘ಉಪ್ಪು ಜಾಸ್ತಿ ಹಾಕವ್ನೆ.’

ದೊಡ್ಡಮ್ಮ ತನ್ನ ಬಟ್ಟಲಿಗೆ ಬೆರಳದ್ದಿ ನೆಕ್ಕಿದಳು. ‘ಇಲ್ವಲ್ಲೇ. ಸರಿಯಾಗೇ ಐತೆ.’

‘ಇಲ್ಲಕ್ಕಾ, ಜಾಸ್ತಿ ಐತೆ. ಸರಿಯಾಗಿ ನೋಡು.’

‘ನಿಂಗೆಲ್ಲೋ ಭ್ರಮೆ. ನಾನು ಇಷ್ಟು ವರ್ಷದಿಂದ ಅಡುಗೆ ಮಾಡ್ತಿದೀನಿ, ನಂಗೆ ಗೊತ್ತಾಗಲ್ವಾ...’

ದೊಡ್ಡಮ್ಮ ಅಮ್ಮನ ಮುಖವನ್ನೇ ನೋಡಿದಳು. ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ ಇನ್ನೊಮ್ಮೆ ಚಟ್ನಿಗೆ ಬೆರಳದ್ದಿದಳು.

‘ಹೂಂ ಕಣೆ’ ಎಂದಳು. ‘ಜಾಸ್ತೀನೇ ಐತೆ.’

ಪರದೆ ಸರಿಸಿ ಸಪ್ಲೈಯರನನ್ನು ಕೂಗಿ ಚೆನ್ನಾಗಿ ಬೈದಳು. ಅವನು ಪಾಪ, ಬೇರೆ ಚಟ್ನಿ ತಂದಿಟ್ಟ. ಅಮ್ಮ ಅವತ್ತು ಎರಡನೆಯ ದೋಸೆ ಹೇಳಲಿಲ್ಲ, ಹೊಟ್ಟೆ ತುಂಬಿತು ಎಂದಳು. ನಾನೂ ಮೊದಲಿನ ಚಟ್ನಿಯನ್ನು ನೆಕ್ಕಿ ನೋಡಿದ್ದೆ. ಉಪ್ಪು ಹೆಚ್ಚಾಗಿತ್ತೋ ಸರಿಯಾಗಿತ್ತೋ, ನನಗೆ ತೀರ್ಮಾನಿಸಲು ಆಗಲಿಲ್ಲ.

ಆಷಾಢ ಬಂದು ಅಪ್ಪನ ವರ್ಷದ ಕಾರ್ಯ ಮುಗಿಯಿತು. ಮನೆಗೆ ಹಬ್ಬಗಳು ಬಂದವು. ನಮ್ಮ ತಿಂಗಳ ಫ್ಯಾಮಿಲಿ ರೂಮು ಮಾತ್ರ ನಿಲ್ಲಲಿಲ್ಲ. ನಾನೂ ಮಂಜುವೂ ದೊಡ್ಡವರಾಗಿ ಜೊತೆಗೆ ಹೋಗುವುದನ್ನು ಬಿಟ್ಟ ಮೇಲೂ ಅವರಿಬ್ಬರು ಹೋಗುತ್ತಿದ್ದರು. ದೊಡ್ಡಪ್ಪ ತೀರಿಕೊಂಡ ವರ್ಷ ಅಮ್ಮನೇ ದೊಡ್ಡಮ್ಮನ ಬಾಗಿಲಿಗೆ ಹೋಗಿ ‘ನಡಿ ಅಕ್ಕಾ’ ಎಂದು ಕರೆದುಕೊಂಡು ಹೋದಳಂತೆ. ಆಗ ನಾನು ದೇವನಹಳ್ಳಿಯಲ್ಲಿ ಸಂಸಾರ ಹೂಡಿದ್ದೆ. ಅವತ್ತು ಪರದೆಯ ಹಿಂದೆ ಅವರು ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ.

ಈಗ ಶೆಡ್ಡಿಲ್ಲ, ಅದಿದ್ದ ಕಡೆ ಅಂಗಡಿ ಸಾಲು. ಹೋಟೆಲು ಎರಡು ಅಂತಸ್ತಾಗಿದೆ. ಪರದೆ, ಗೂಡು ಯಾವುದೂ ಇಲ್ಲ. ಹೆಂಗಸರು ಒಬ್ಬೊಬ್ಬರೇ ಬಂದು ಕೂತು ತಿಂದು ಎದ್ದು ಹೋಗುತ್ತಾರೆ, ಯಾರೂ ತಲೆಯೆತ್ತಿ ನೋಡುವುದಿಲ್ಲ. ಒಳ್ಳೆಯದೇ ಆಯಿತು. ಅಪ್ಪನ ಮುಖ ಫೋಟೋದಲ್ಲಿರುವುದರಿಂದ ನೆನಪಿದೆ. ದನಿ ಹೇಗಿತ್ತೆಂದು ನೆನಪಿಲ್ಲ. ನೆನಪಿಸಿಕೊಳ್ಳಲು ಕೂತರೆ ಮಗ್ಗದ ಸದ್ದು ಕೇಳುತ್ತದೆಯೇ ಹೊರತು ಅವನ ಮಾತು ಕೇಳುವುದಿಲ್ಲ.

ಹೋದ ವರ್ಷ ದೊಡ್ಡಮ್ಮ ಹೋದಳು. ತಿಥಿ ಮುಗಿಸಿಕೊಂಡು ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ದೇವನಹಳ್ಳಿಯ ನಮ್ಮ ಮನೆಗೆ ಹೊರಟಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ತಿಥಿ ಊಟಕ್ಕೆ ಕೂತಾಗ ಅಮ್ಮ ಎಲೆಯಲ್ಲಿ ಏನನ್ನೂ ಮುಟ್ಟಿರಲಿಲ್ಲ.

‘ಏನಾದ್ರೂ ತಿಂತೀಯಾ ಅಮ್ಮಾ? ಇಲ್ಲೇ ಐತೆ, ಇಳಿಯೋಣ’ ಎಂದೆ.

ಅಮ್ಮ ಕಿಟಕಿಯಿಂದ ಹೋಟೆಲಿನ ಕಡೆ ನೋಡಿದಳು.

‘ಬೇಡ ಬಿಡೆ’ ಎಂದಳು. ‘ಜೊತೇಲಿ ಕೂತು ತಿನ್ನೋರು ಯಾರವ್ರೆ ಇನ್ನು?’

ನಾನು ಪಕ್ಕದಲ್ಲೇ ಇದ್ದೆ. ಸಿಗ್ನಲ್ ಬಿಟ್ಟಿತು, ಹಿಂದಿನವರು ಹಾರನ್ ಹೊಡೆದರು, ಗೇರ್ ಹಾಕಿದೆ.