ಸಂತೆ ಸರಿಸಿದ ವೈನಿ

ಮೆಂತೆ ಪಲ್ಲೆ ಕಾಲಡಿ ಸಿಕ್ಕು ನಲುಗಿದರೆ ಒಂದು ಹಸಿಹಸಿ ಕಹಿ ವಾಸನೆ ಏಳುತ್ತದೆ. ಹೋದ ಸೋಮವಾರ ಊರ ಹೊರಗಿನ ಸಂತೆಯಲ್ಲಿ ಯಾರದೋ ಚೀಲದಿಂದ ಜಾರಿಬಿದ್ದ ಸೂಡೊಂದನ್ನು ಜನ ತುಳಿದುಕೊಂಡು ಹೋಗುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ನಿಂತುಬಿಟ್ಟೆ. ಹಿಂದಿನವರು "ಸರೀರಿ ಬಾಯಾರ" ಎಂದಾಗಲೇ ಎಚ್ಚರವಾದದ್ದು.

ವೈನಿ ತೀರಿಕೊಂಡ ಹಿಂದಿನ ದಿನವೂ ಸೋಮವಾರವೇ ಆಗಿತ್ತು. ಸಂತೆ ಮುಗಿಸಿ ಬಂದವರು ತಮ್ಮ ಮನೆಗೆ ಹೋಗದೆ ನಮ್ಮ ಕಟ್ಟೆಯ ಮೇಲೆ ಕೂತು, ನನ್ನ ಮೊರ ಇಸಿದುಕೊಂಡು ಮೆಂತೆ ಸೋಸತೊಡಗಿದ್ದರು. ಅವರು ಎದುರುಮನೆಯವರು. ತೊಗರಿ ವ್ಯಾಪಾರದ ಸಾವ್ಕಾರರ ಹೆಂಡತಿ. ತವರು ಆಳಂದ ತಾಲ್ಲೂಕಿನ ಜಿಡಗಾ ಕಡೆ. ಓಣಿಯ ಸಣ್ಣವರೆಲ್ಲ ಅವರನ್ನು ಅಣ್ಣನ ಹೆಂಡತಿಯನ್ನು ಕರೆಯುವಂತೆ ವೈನಿ ಎಂದೇ ಕರೆಯುತ್ತಿದ್ದೆವು. ಒಂದು ಅವಧಿಗೆ ನಮ್ಮೂರ ಪಂಚಾಯತಿಯ ಅಧ್ಯಕ್ಷೆಯಾಗಿದ್ದವರು ಅವರು.

"ಸಂತ್ಯಾಗ ಇವತ್ತರ ಮಂದಿ ಇತ್ತೇನ್ರಿ?" ಎಂದು ಬೇಕೆಂದೇ ಕೇಳಿದ್ದೆ.

"ಇತ್ತು ಬೇ. ನೀ ಹಂಗ ಸುತ್ತಿ ಬಳಸಿ ಕೇಳಬ್ಯಾಡ. ಬೈಯೂದಿದ್ರ ನೆಟ್ಟಗ ಬೈ."

"ನಾ ಯಾಕ ಬೈಲ್ರಿ? ನಮ್ಮವ್ವ ಮಾತು ಬಿಟ್ಟಿದ್ದು ಸಾಲಂಗಿಲ್ಲೇನು?"

ವೈನಿ ಒಳಗೆ ಇಣುಕಿದರು. ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ವೈನಿಯ ದನಿ ಕೇಳಿದರೆ ಸಾಕು, ಅವಳು ಹಾಗೆ ಮಗ್ಗುಲು ಬದಲಿಸುತ್ತಿದ್ದಳು. ವೈನಿ ದನಿ ತಗ್ಗಿಸಿ, "ಏನರ ಅಂದ್ಳೇನ ನನ್ನ ಬಗ್ಗೆ?" ಎಂದರು.

"ಏನೂ ಅಂದಿಲ್ರಿ."

"ಅನ್ನಂಗಿಲ್ಲ ಬಿಡು. ಉಪ್ಪಿನಕಾಯಿ ಕಾದಿಟ್ಟಂಗ ಕಾದಿಟ್ಟಾಳ ಶಿಟ್ಟು. ಒಂದೀಟೂ ಕೆಟ್ಟಿಲ್ಲ ನೋಡು," ಎಂದು ನಕ್ಕು, ಸೆರಗು ಝಾಡಿಸಿ, ಸೋಸಿದ್ದರಲ್ಲಿ ಅರ್ಧ ಪಲ್ಲೆ ನನ್ನ ಮೊರದಲ್ಲೇ ಬಿಟ್ಟು ಎದ್ದು ಹೋದರು. ಇಷ್ಟೇ. ವಿಶೇಷವಾದದ್ದು ಏನೂ ಇರಲಿಲ್ಲ...

ಮರುದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕುಸಿದರು. ಜೀಪು ಕಲಬುರಗಿ ದವಾಖಾನೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಮಧ್ಯಾಹ್ನ ಆಟೋಕ್ಕೆ ಮೈಕು ಕಟ್ಟಿ ಊರೆಲ್ಲ ಸಾರಿದರು: "ಅಧ್ಯಕ್ಷರ ಧರ್ಮಪತ್ನಿಯವರು ಲಿಂಗೈಕ್ಯರಾಗಿದ್ದಾರೆ." ನಾನು ಟೀಚರಾಗಿರುವ ಅಂಗನವಾಡಿಗೆ ಬೀಗ ಹಾಕುತ್ತಿದ್ದೆ. ಅಧ್ಯಕ್ಷರ ಧರ್ಮಪತ್ನಿ! ಅಧ್ಯಕ್ಷರಾಗಿದ್ದವರು ಅವರು. ಗಂಡ ಒಂದು ದಿನವೂ ಆರಿಸಿ ಬಂದವರಲ್ಲ. ಆದರೆ ಆಟೋದವನ ತಪ್ಪೇನೂ ಇಲ್ಲ, ಊರಿಗೆ ಊರೇ ಹಾಗೆ ಅನ್ನುತ್ತಿತ್ತು.

ಅದು ಶುರುವಾದ ರೀತಿ ನನಗೆ ಗೊತ್ತಿದೆ. ಅಧ್ಯಕ್ಷ ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಾದಾಗ ಸಾವ್ಕಾರರು ಹೆಂಡತಿಯನ್ನು ನಿಲ್ಲಿಸಿದರು. ಮೊದಮೊದಲು ಸಭೆಯಲ್ಲಿ ಹೆಂಡತಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂಡುತ್ತಿದ್ದರು. ಆಮೇಲೆ ಅವರು ಕುರ್ಚಿಗೆ ಬಂದರು, ವೈನಿ ಸ್ಟೂಲಿಗೆ ಹೋದರು. ಜನ ಗಂಡನಿಗೆ "ಅಧ್ಯಕ್ಷರ" ಎಂದು ಕೈಮುಗಿದರು, ವೈನಿಗೆ "ಅಕ್ಕಾವ್ರ, ಚಾ ಆಯ್ತೇನ್ರಿ" ಎಂದರು. ಅವಧಿ ಮುಗಿದು, ಬೇರೆಯವರು ಅಧ್ಯಕ್ಷರಾಗಿ, ಅವರ ಅವಧಿಯೂ ಮುಗಿದರೂ ಸಾವ್ಕಾರರ ಹೆಸರು ಮಾತ್ರ ಅಧ್ಯಕ್ಷರು ಎಂದೇ ಉಳಿಯಿತು.

ಆದರೆ ಒಂದು ದಿನ ವೈನಿ ಕುರ್ಚಿಯಲ್ಲಿ ಕೂತಿದ್ದರು. ನಾನು ಕಣ್ಣಾರೆ ನೋಡಿದ್ದೇನೆ. ಅಂಗನವಾಡಿಯ ಮಾಳಿಗೆ ಸೋರುತ್ತದೆಂದು ಹೇಳಲು ಅವತ್ತು ನಾನೂ ಸಭೆಗೆ ಹೋಗಿದ್ದೆ. ಸಾವ್ಕಾರರು ತೊಗರಿ ಮಾರಲು ಸೊಲ್ಲಾಪುರಕ್ಕೆ ಹೋಗಿದ್ದರು.

ಊರಿಗೆ ಹೆಣ್ಣುಮಕ್ಕಳ ಹೈಸ್ಕೂಲು ಮಂಜೂರಾಗಿತ್ತು. ಅಲ್ಲಿಯವರೆಗೆ ಏಳನೇ ಇಯತ್ತೆ ಮುಗಿಸಿದ ಹುಡುಗಿಯರು ಬಸ್ಸು ಹತ್ತಿ ಅಫಜಲಪುರಕ್ಕೆ ಹೋಗಬೇಕಿತ್ತು. ಹೋಗುವವರು ಬೆರಳೆಣಿಕೆಯಷ್ಟು, ಉಳಿದವರು ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಶಾಲೆಗೆ ಜಾಗ ತೋರಿಸಿ ಎಂದು ತಾಲ್ಲೂಕಿನಿಂದ ಸಾಹೇಬರು ಬಂದಿದ್ದರು. ಸರಕಾರಿ ಜಾಗ ಇದ್ದದ್ದು ಎರಡೇ ಕಡೆ. ಒಂದು, ಊರ ಹೊರಗೆ ಸಾರಾಯಿ ಅಂಗಡಿಯ ಹಿಂದಿನ ಬಯಲು. ಇನ್ನೊಂದು, ಊರ ನಡುವೆ ಸಂತೆ ಕೂಡುತ್ತಿದ್ದ ಜಾಗ. ಸದಸ್ಯರೆಲ್ಲ ಹೊರಗಿನ ಬಯಲೇ ಸಾಕು ಎಂದರು.

ವೈನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಹುಡುಗ್ಯಾರು ಊರಾಗ ಇರ್ಲಿ. ಸಂತಿ ಹೊರಗ ಹೋಗ್ಲಿ," ಎಂದರು.

ಒಬ್ಬ ಹಿರಿಯ ಸದಸ್ಯರು ನಕ್ಕು, "ಅಧ್ಯಕ್ಷರು ಸೊಲ್ಲಾಪುರದಿಂದ ಬರ್ಲಿ ತಡೀರಿ ಅಕ್ಕಾವ್ರ. ಆಮ್ಯಾಲ ನೋಡೂಣು," ಎಂದರು.

"ಮತ್ತ ಇಲ್ಲಿ ಕೂತಾಕಿ ಯಾರ್ರಿ? ನಿಮ್ಮ ಮನಿಗಿ ಬೀಗ್ತಿ ಬಂದಾಳೇನು?"

ಸಾಹೇಬರು ನಗು ತಡೆದುಕೊಂಡು ಬರೆದುಕೊಂಡರು. ಅವತ್ತೇ ಠರಾವು ಆಯಿತು. ಸಾವ್ಕಾರರು ಬಂದ ಮೇಲೆ ಎದುರುಮನೆಯಲ್ಲಿ ನಡೆದ ಜಗಳ ಓಣಿಗೆಲ್ಲ ಕೇಳಿತು. ಸಂತೆಯವರ ಓಟು ಹೋದವು ಎಂದು ಅವರು ಒದರಾಡಿದರು. ಎಷ್ಟೋ ದಿನ ಹೆಂಡತಿಯ ಕೈಯ ರೊಟ್ಟಿ ಉಣ್ಣದೆ ಅಕ್ಕನ ಮನೆಯಲ್ಲಿ ಉಂಡರು. ವೈನಿ ಠರಾವು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಮ್ಮ ಅವ್ವ ಆ ಸಂತೆಯಲ್ಲಿ ಪಲ್ಲೆ ಮಾರುತ್ತಿದ್ದಳು. ಪುಂಡಿ, ಮೆಂತೆ, ರಾಜಗಿರಿ. ಬುಟ್ಟಿ ಹೊತ್ತು ಮನೆಯಿಂದ ನಾಲ್ಕು ಹೆಜ್ಜೆ ಇಟ್ಟರೆ ಸಂತೆ. ಬಸ್ಸಿನಿಂದ ಇಳಿದ ಗಿರಾಕಿ ಮೊದಲು ಕಾಣುವುದೇ ಅವಳ ಬುಟ್ಟಿ. ನಾನು ಹತ್ತನೇ ಇಯತ್ತೆ ಮುಗಿಸಿದ್ದು, ನೌಕರಿ ಹಿಡಿದದ್ದು ಆ ಬುಟ್ಟಿಯಿಂದಲೇ. ಸಂತೆ ಊರ ಹೊರಗೆ ಹೋದ ಮೇಲೆ ಜೇವರ್ಗಿ ಕಡೆಯಿಂದ, ಕಲಬುರಗಿ ಕಡೆಯಿಂದ ಟೆಂಪೋಗಳು ಬಂದು ನಿಂತವು. ಅವುಗಳ ರಾಶಿಯ ಮುಂದೆ ತಲೆಹೊರೆಯ ಹೆಣ್ಣುಮಕ್ಕಳ ಬುಟ್ಟಿಯನ್ನು ಕೇಳುವವರಿಲ್ಲದಾಯಿತು. ಅವ್ವನ ಮೊಣಕಾಲಿಗೆ ಅಷ್ಟು ದೂರ ಆಗಲೂ ಇಲ್ಲ. ಅವಳು ಬುಟ್ಟಿಯನ್ನು ಕೋಳಿಗೆ ಬೋರಲು ಹಾಕಿದಳು. ವೈನಿಯ ಜೊತೆ ಮಾತು ಬಿಟ್ಟಳು.

ಅದಕ್ಕೇ ವೈನಿಗೂ ನನಗೂ ವಾರಕ್ಕೊಮ್ಮೆ ಜಗಳ. ನೀವು ಮಾಡಿದ್ದು ತಪ್ಪು ಎಂದು ನಾನು ಅನ್ನುತ್ತಿದ್ದೆ. "ತಪ್ಪs ಇರಬೇಕು," ಎಂದು ಅವರು ಅನ್ನುತ್ತಿದ್ದರು, "ಆದ್ರ ನಿನ್ನ ಮಗಳು ಯಾವ ಸಾಲಿಗಿ ಹೋಗಾಕತ್ಯಾಳ ಹೇಳು." ಅವಳು ಹೋಗುತ್ತಿದ್ದದ್ದು ಅದೇ ಶಾಲೆಗೆ. ಮತ್ತೆ ಅವರೇ, "ನಿಮ್ಮವ್ವಗ ಸಂತ್ಯಾಗ ಒಂದು ಛಲೋ ಜಾಗಾ ತೆಗೆದಿಡಬೇಕಿತ್ತು. ಅದು ನನಗ ಹೊಳೀಲಿಲ್ಲ," ಎನ್ನುತ್ತಿದ್ದರು. ಹಾಗೆ ಹೇಳಬಲ್ಲ ಅಧ್ಯಕ್ಷರನ್ನು ನಾನು ಬೇರೆ ಕಂಡಿಲ್ಲ. ಊರಬಾಗಿಲ ಅಗಸಿಯಿಂದ ಹಳ್ಳದವರೆಗಿನ ಸಿಮೆಂಟ್ ರೋಡಿನ ವಿಷಯದಲ್ಲೂ ಹಾಗೆಯೇ. ಗುತ್ತಿಗೆ ಕೊಟ್ಟದ್ದು ಗಂಡ, ಹಿಡಿದದ್ದು ಗಂಡನ ಸೋದರಳಿಯ. ಎರಡು ಮಳೆಗಾಲಕ್ಕೆ ರೋಡು ಕಿತ್ತುಹೋಯಿತು. "ಸಹಿ ನಂದs ಅದ ಬೇ. ಓದಲಾರದ ಹಾಕೀನಿ," ಎಂದಿದ್ದರು ವೈನಿ, ನಾನು ಕೇಳದೆಯೇ.

ಅವರು ಹೋದ ಹದಿನೈದು ದಿನಕ್ಕೆ ನುಡಿನಮನ ಸಭೆ ಇಟ್ಟರು. ಅದೂ ಆ ಹೆಣ್ಣುಮಕ್ಕಳ ಶಾಲೆಯ ಅಂಗಳದಲ್ಲೇ. ದೊಡ್ಡದೊಂದು ಫ್ಲೆಕ್ಸು. ಮೇಲೆ ಪಕ್ಷದ ನಾಯಕರ ಸಾಲು, ನಡುವೆ ಕೈಮುಗಿದ ಸಾವ್ಕಾರರು, ಕೆಳಗೆ ಮೂಲೆಯಲ್ಲಿ ವೈನಿ. ಗಂಡ ಹೆಂಡತಿಯ ಜೋಡಿ ಫೋಟೋದಿಂದ ಅವರನ್ನು ಕತ್ತರಿಸಿದ್ದರು, ಹೆಗಲ ಮೇಲೆ ಗಂಡನ ಕೈಯ ನಾಲ್ಕು ಬೆರಳು ಉಳಿದುಕೊಂಡಿದ್ದವು. ಬಂದವರಿಗೆಲ್ಲ ಉಪ್ಪಿಟ್ಟು, ಶಿರಾ. ಜಿಲ್ಲಾ ಪಂಚಾಯತಿ ಚುನಾವಣೆ ಬಂದರೆ ಸಾವ್ಕಾರರು ನಿಲ್ಲುತ್ತಾರಂತೆ ಎಂದು ಉಪ್ಪಿಟ್ಟು ತಿನ್ನುತ್ತಲೇ ಜನ ಮಾತಾಡಿಕೊಂಡರು.

ನಿವೃತ್ತ ಮಾಸ್ತರರೊಬ್ಬರು ಮೊದಲು ಮೈಕು ಹಿಡಿದರು. ಮೃತರು ಸಾಧ್ವಿ, ಬಂದವರಿಗೆ ಚಹಾ ಕೊಡದೆ ಕಳಿಸಿದವರಲ್ಲ ಎಂದರು. ಅಷ್ಟಕ್ಕೆ ವೈನಿಯ ಮಾತು ಮುಗಿಯಿತು. "ಇನ್ನ ನಮ್ಮ ಅಧ್ಯಕ್ಷರ ಕಾಲದಾಗ ಊರು ಹ್ಯಾಂಗಿತ್ತು ಅಂದ್ರ..." ಎಂದು ಸಾವ್ಕಾರರ ಕಡೆ ತಿರುಗಿದರು. ಈ ಶಾಲೆ ನೋಡಿರಿ, ಅವರ ದೂರದೃಷ್ಟಿ ನೋಡಿರಿ ಎಂದರು. ಸಾವ್ಕಾರರು ಎದ್ದು ನಿಂತು ನಾಲ್ಕೂ ದಿಕ್ಕಿಗೆ ಕೈಮುಗಿದರು. ಈ ಶಾಲೆಗೆ ಜಾಗ ಕೊಟ್ಟರೆಂಬ ಸಿಟ್ಟಿಗೆ ಹೆಂಡತಿಯ ರೊಟ್ಟಿ ಬಿಟ್ಟ ಮನುಷ್ಯ! ನಾನು ಶಿರಾದ ತಟ್ಟೆ ಕೆಳಗಿಟ್ಟೆ.

ಅಷ್ಟರಲ್ಲಿ ಹಿಂದಿನಿಂದ ಎದುರು ಪಾರ್ಟಿಯವನೊಬ್ಬ ಎದ್ದ. "ಸಾಲಿ ಹೇಳಿದ್ರಿ, ರೋಡೂ ಹೇಳ್ರಲಾ. ಎಲ್ಲಿ ಹೋಯ್ತದು? ಹಳ್ಳದಾಗ ಈಜಾಕತ್ತದ!"

"ಏ, ಕುಂದ್ರಲೇ," ಎಂದು ಸಾವ್ಕಾರರ ಕಡೆಯವನೊಬ್ಬ ಒದರಿದ. "ಇದು ಸಾವಿನ ಮನಿ ಕಾರ್ಯಕ್ರಮ ಅದ."

"ಸಾವಿನ ಮನ್ಯಾಗ ಪ್ರಚಾರ ಮಾಡಾಕತ್ತಾವ್ರು ನೀವು. ಸಂತಿ ಹಾಳು ಮಾಡಿದವ್ರು ಯಾರು? ಹವಳಗಾ ಕಡಿ ಮಂದಿ ಈಗ ನಮ್ಮ ಸಂತಿಗಿ ಬರ್ತಾರೇನು?"

ಆಗ ಸಾವ್ಕಾರರ ಅಳಿಯ, ಆ ರೋಡಿನ ಗುತ್ತಿಗೆ ಹಿಡಿದವನೇ, ಮೈಕು ಕಸಿದುಕೊಂಡ. "ನೋಡ್ರಿ, ಖರೇ ಹೇಳ್ತೇನಿ. ರೋಡಿನ ಕಾಗದಕ್ಕ ಸಹಿ ಅತ್ತಿಯವ್ರದು. ಸಂತಿ ಎತ್ತಿಸಿದ್ದೂ ಅತ್ತಿಯವ್ರs. ಮಾವನವ್ರು ಊರಾಗs ಇದ್ದಿಲ್ಲ. ಹೆಣ್ಮಕ್ಕಳು, ತಿಳೀಲಾರದ ಆಗ್ಯದ. ಹೋದವ್ರ ಬಗ್ಗೆ ಜಾಸ್ತಿ ಮಾತು ಬ್ಯಾಡ."

ಜನ ಹೌದೆಂದು ತಲೆಯಾಡಿಸಿದರು. ಎದುರು ಪಾರ್ಟಿಯವನೂ "ಹಂಗಂದ್ರ ಸರಿ ಬಿಡು" ಎಂದು ಕೂತ. ಜಗಳ ಬಗೆಹರಿಯಿತು. ಒಳ್ಳೆಯದೆಲ್ಲ ಬದುಕಿದ್ದವನಿಗೆ, ಕೆಟ್ಟದ್ದೆಲ್ಲ ಸತ್ತವಳಿಗೆ. ಹೂವಿನ ಹಾರ ಹಾಕಿದ ಆಕೆಯ ಫೋಟೋದ ಮುಂದೆಯೇ ಹೀಗೆ ಹಂಚಿಕೊಂಡರು. ಹತ್ತು ಮಂದಿಯ ಮುಂದೆ ನಿಂತು ಮಾತಾಡಿ ಗೊತ್ತಿಲ್ಲದವಳು ನಾನು. ಆದರೂ ಮುಂದೆ ಹೋಗಿ ಅಳಿಯನ ಕೈಯಿಂದ ಮೈಕು ತೆಗೆದುಕೊಂಡೆ.

"ರೋಡಿನ ಕಾಗದ ತಂದಿಟ್ಟವ್ರು ಯಾರು, ಗುತ್ತಿಗಿ ಹಿಡಿದವ್ರು ಯಾರು ಅನ್ನೂದು ಇಲ್ಲಿ ಎಲ್ಲಾರಿಗಿ ಗೊತ್ತದ. ಸಂತಿ ಸರಿಸಿದ್ದು ವೈನಿನೇ. ಅದ್ರಿಂದ ನಮ್ಮವ್ವ ಮನ್ಯಾಗ ಕೂಡಂಗಾತು. ಆ ಬೈಗುಳ ವೈನಿಗಿ ಕೊಡ್ರಿ, ನಾನೂ ಕೊಟ್ಟೀನಿ. ಆದ್ರ ಸಂತಿ ಯಾಕ ಸರಿಸಿದ್ರು? ಈ ಸಾಲಿ ಸಲುವಾಗಿ. ಎರಡೂ ಒಂದs ಠರಾವಿನ್ಯಾಗ ಆಗ್ಯಾವು. ಅದ್ರಾಗ ಅರ್ಧ ಹರಿದು ಅಧ್ಯಕ್ಷರಿಗಿ ಹ್ಯಾಂಗ ಕೊಡ್ತೀರಿ? ಅವತ್ತಿನ ಮೆಂಬರ್ ಮಂದಿ ಇಲ್ಲೇ ಕೂತೀರಿ, ಹೇಳ್ರಲಾ..."

ಅವತ್ತು ನಕ್ಕಿದ್ದ ಆ ಹಿರಿಯ ಸದಸ್ಯರು ಮುಂದಿನ ಸಾಲಿನಲ್ಲೇ ಇದ್ದರು. ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಸಾವ್ಕಾರರು ಎದ್ದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡರು. "ನಮ್ಮ ಟೀಚರಬಾಯಿಗಿ ಭಾಳ ದುಃಖ ಆಗ್ಯದ. ಇಬ್ರೂ ಅಕ್ಕತಂಗ್ಯಾರ ಇದ್ದಂಗಿದ್ರು. ನೀರು ಕೊಡ್ರಿ ಅವ್ರಿಗಿ, ಕೂಡಿಸ್ರಿ," ಎಂದರು. ನಾಲ್ಕು ಮಂದಿ ಹೆಣ್ಣುಮಕ್ಕಳು ನನ್ನನ್ನು ಹಿಡಿದು ಕೂಡಿಸಿದರು. ಒಬ್ಬಾಕೆ ಬೆನ್ನು ಸವರಿದಳು. ನಾನು ಹೇಳಿದ್ದೆಲ್ಲ ಕೇಳಿದವರ ಪಾಲಿಗೆ ಬರೀ ಅಳುವಾಗಿ ಹೋಯಿತು. ಮುಂದಿನ ಭಾಷಣ ಶುರುವಾಯಿತು.

ಮನೆಗೆ ಬಂದು ಬಾಗಿಲಲ್ಲೇ ಕೂತೆ. ಒಳಗಿನಿಂದ ಅವ್ವ ಕೇಳಿದಳು, "ಏನಂದ್ರು ಅಲ್ಲಿ?"

ಇಷ್ಟು ವರ್ಷದಲ್ಲಿ ಎದುರುಮನೆಯ ವಿಷಯವನ್ನು ಅವಳಾಗಿ ಕೇಳಿದ್ದು ಅದೇ ಮೊದಲು. ಎಲ್ಲ ಹೇಳಿದೆ. ಶಾಲೆ ಸಾವ್ಕಾರರು ಕಟ್ಟಿಸಿದ್ದಂತೆ ಅವ್ವ, ವೈನಿ ಮಾತ್ರ ಏನೂ ತಿಳಿಯಲಾರದೆ ಸಂತೆ ಎತ್ತಿಸಿದ್ದಂತೆ ಎಂದೆ.

ಅವ್ವ ಎದ್ದು ಕೂತಳು. ಗೋಡೆ ಹಿಡಿದು, ಮೊಣಕಾಲು ಒತ್ತಿಕೊಳ್ಳುತ್ತಾ, ಮುಖ ಕೆಂಪಗೆ ಮಾಡಿಕೊಂಡು.

"ತಿಳೀಲಾರದ? ಯಾವ ಭಾಡ್ಯಾ ಅಂದಾನ ಹಂಗ? ಸಂತಿ ಎತ್ತೂ ಮುಂದ ನಾ ಆಕಿ ಬಾಗಿಲಿಗಿ ಹೋಗಿ ಸೆರಗೊಡ್ಡೀನಿ. 'ಯಕ್ಕಾ, ನಿನ್ನ ಹೊಟ್ಟಿ ಹೊಡದು ನಿನ್ನ ಮೊಮ್ಮಗಳನ್ನ ಓದಿಸಾಕತ್ತೀನಿ, ನನಗ ಬೈ' ಅಂತ ಮಾರಿ ನೋಡಿ ಹೇಳ್ಯಾಳ. ಎಲ್ಲಾ ತಿಳದs ಮಾಡ್ಯಾಳ ಆಕಿ. ನನ್ನ ಬುಟ್ಟಿ ಕಸಗೊಂಡಾಕಿ ಆಕಿ. ಆಕಿ ಗಂಡಗ ಎಲ್ಲಿ ಅದ ಅಷ್ಟು ಧೈರ್ಯ?"

ವೈನಿ ಆ ಮಾತು ಹೇಳಿದ್ದನ್ನು ನನಗೆ ಅವರೂ ಹೇಳಿರಲಿಲ್ಲ, ಇವಳೂ ಹೇಳಿರಲಿಲ್ಲ. ಅವ್ವ ಮೂಗು ಒರೆಸಿಕೊಂಡು ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು.

ಇದೆಲ್ಲ ಆಗಿ ಮೂರು ವರ್ಷ. ಅಗಸಿಯ ಹೋಟೆಲಿನಲ್ಲಿ ಈಗಲೂ ಚಹಾ ಕುಡಿಯುತ್ತಾ ಮಾಜಿ ಅಧ್ಯಕ್ಷರು ಒಳ್ಳೆಯವರೋ ಕೆಟ್ಟವರೋ ಎಂದು ವಾದ ಮಾಡುತ್ತಾರೆ. ಊರು ಉದ್ಧಾರ ಆಯಿತು ಎಂದು ಅರ್ಧ ಮಂದಿ, ಹಾಳಾಯಿತು ಎಂದು ಅರ್ಧ ಮಂದಿ. ಎರಡೂ ಕಡೆಯವರು ಹೇಳುವುದು ಸಾವ್ಕಾರರ ಹೆಸರನ್ನೇ. ಕೇಳಿಸಿಕೊಂಡು ದಾಟಿಹೋಗುವಾಗ ನನಗೆ ಉಗುಳುವಂತಾಗುತ್ತದೆ. ಸೆರಗು ಮುಚ್ಚಿಕೊಂಡು ಮುಂದೆ ಹೋಗುತ್ತೇನೆ.

ಅವ್ವ ಅವತ್ತು ಅಂದದ್ದನ್ನು ವೈನಿಗೆ ಹೇಳಬೇಕಾಗಿತ್ತು. ಹೇಳಲು ವೈನಿ ಇಲ್ಲ.