ಗಂಗೆ ಪೂಜೆಗೆ ಒದಗದ ಕೆರೆ

ಥೂ, ಆ ನಾತ! ರೇಷ್ಮೆಗೂಡು ಬೇಯಿಸುವ ವಾಸನೆಗೆ ಹುಟ್ಟಿದಾಗಿನಿಂದ ಪಳಗಿದ ಮೂಗು ನನ್ನದು. ಆದರೂ ಹೋದ ವರ್ಷ, ಮಗಳ ಬಾಣಂತನ ಮುಗಿದ ಮೇಲೆ ಗಂಗೆ ಪೂಜೆಗೆಂದು ಕೈಲಾಂಚದ ಕಡೆಯ ನನ್ನ ತವರಿಗೆ ಹೋಗಿ ಕೆರೆ ಏರಿ ಹತ್ತಿದವಳು ಮೂಗು ಹಿಡಿದುಕೊಂಡೆ. ನೀರೆಲ್ಲಿ ಕಾಣಬೇಕು? ದಡದಿಂದ ದಡಕ್ಕೆ ಹಸಿರು ಪಾಚಿ ಕೆನೆಗಟ್ಟಿತ್ತು. ಅಂಚಿನಲ್ಲಿ ಸತ್ತ ಮೀನುಗಳು ಊದಿಕೊಂಡು ಬಿದ್ದಿದ್ದವು, ಮೇಲೆ ನೊಣ ಮುತ್ತಿತ್ತು.

ಇದೇ ನೀರನ್ನು ನಾವು ಬೊಗಸೆಯಲ್ಲಿ ಎತ್ತಿ ಕುಡಿದವರು ಅಂದರೆ ನಂಬುತ್ತೀರಾ? ನಂಬುತ್ತೀರಿ ಬಿಡಿ, ನಿಮ್ಮೂರ ಕೆರೆಯ ಪಾಡೂ ಇದೇ ಇರಬಹುದು. ಆಗ ಬೇಸಿಗೆಯಲ್ಲಿ ನೀರು ಇಳಿದರೆ ಊರಿಗೆ ಊರೇ ಕೆರೆಗಿಳಿದು, ತಳದಲ್ಲಿ ಕೂತ ಗೋಡುಮಣ್ಣು ಕಡಿದು, ಹಿಪ್ಪುನೇರಳೆ ತೋಟಕ್ಕೆ ಗಾಡಿಯಲ್ಲಿ ಹೊಡೆಯುತ್ತಿತ್ತು. ಅಪ್ಪ ಗಾಡಿ ಹೊಡೆದರೆ ನಾನು ಆ ತಣ್ಣನೆ ಮಣ್ಣಿನ ಮೇಲೆ ಕೂತು ಬರುತ್ತಿದ್ದೆ. ಲಂಗವೆಲ್ಲ ಕೆಸರು. ಅವ್ವ ಬೈಯುತ್ತಲೇ ನೀರು ಹುಯ್ಯುತ್ತಿದ್ದಳು. ಆ ಮಣ್ಣುಂಡ ಸೊಪ್ಪು ಅಂಗೈಯಗಲ ಬರುತ್ತಿತ್ತು. ಆಮೇಲೆ ಯೂರಿಯಾ ಮೂಟೆ ಬಂತು. ಮಣ್ಣು ಹೊರುವ ಕಷ್ಟ ಯಾರಿಗೆ ಬೇಕು? ಗೋಡು ಕೆರೆಯಲ್ಲೇ ಉಳಿಯಿತು. ತೋಟಕ್ಕೆ ಚೆಲ್ಲಿದ ಗೊಬ್ಬರವೂ ಕೊಟ್ಟಿಗೆಯ ಗಂಜಲವೂ ಮಳೆಗೆ ಕೊಚ್ಚಿಕೊಂಡು ಕೆರೆಗೇ ಇಳಿದವು. ಅದನ್ನು ತಿಂದು ಪಾಚಿ ಕೊಬ್ಬಿತು, ಸತ್ತಿತು, ಕೊಳೆಯಿತು. ಮೀನಿಗೆ ಉಸಿರಾಡಲು ನೀರಿನಲ್ಲಿ ಗಾಳಿಯೇ ಉಳಿಯಲಿಲ್ಲ. ಮೊದಲ ಸಲ ನೀರು ಹಸಿರಾದಾಗ ತೋಟ ನೋಡಿಕೊಳ್ಳುವ ನನ್ನ ತಮ್ಮ ಹಿಗ್ಗಿದ್ದ: "ನೀರೇ ಗೊಬ್ಬರ ಆಗೈತೆ ಕಣಕ್ಕ, ಮೋಟ್ರು ಹಾಕುದ್ರೆ ಸಾಕು!" ಮುಂಡೇದಕ್ಕೆ ಅಷ್ಟೇ ಕಂಡಿದ್ದು.

ನಮ್ಮ ಮನೆಯ ಬಾಣಂತಿಯರೆಲ್ಲ ಈ ಕೆರೆಗೇ ಅರಿಶಿನ ಕುಂಕುಮ ಇಟ್ಟು, ಬಿಂದಿಗೆ ತುಂಬಿ, ಒಂದು ತೊಟ್ಟು ಕೂಸಿನ ತುಟಿಗೆ ಮುಟ್ಟಿಸಿದವರು. ಅವ್ವ ಮಾಡಿದ್ದಳು, ನಾನೂ ಮಾಡಿದ್ದೆ. ಮರಿಮಗುವಿಗೂ ಇಲ್ಲೇ ಆಗಬೇಕೆಂದು ಹಟ ಹಿಡಿದು ಕರೆಸಿದ್ದೂ ಅವ್ವನೇ. ನನ್ನ ಮಗಳು ಕೂಸನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು.

"ಬ್ಯಾಡ ಕಣಜ್ಜಿ, ಕೂಸ್ಗೇನಾದ್ರೂ ಆಯ್ತದೆ."

ಅವ್ವ ಬಿಂದಿಗೆ ಹಿಡಿದು ಬಗ್ಗಿದವಳು ಹಾಗೇ ನಿಂತಳು. ಆಮೇಲೆ ಸೆರಗನ್ನು ಮೂಗಿಗೆ ಒತ್ತಿಕೊಂಡಳು. "ಸತ್ತೋಳ್ಗೆ ಯಾವ ಪೂಜೆ? ನಡೀರಿ," ಅಂದಳು.

ಮನೆ ಬಂದರೂ ಅವ್ವ ಹೊಸಿಲು ತುಳಿಯಲಿಲ್ಲ. ಮಣ್ಣು ಮಾಡಿ ಬಂದವರ ಹಾಗೆ ಅಂಗಳದಲ್ಲೇ ನಿಂತು, ನನಗೆ ನಲ್ಲಿಯ ಕಡೆ ಕೈ ತೋರಿಸಿದಳು.

"ತಲೆ ಮೇಲೆ ನೀರು ಹುಯ್ಯವ್ವ. ಒಳೀಕ್ ಬತ್ತೀನಿ."