ಶಾರದಮ್ಮನಿಗೆ ಮೆಲುದನಿ, ನನಗೆ ಗದರಿಕೆ

“ಗುಂಪು ಸೇರತಕ್ಕದ್ದಲ್ಲ! ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯತಕ್ಕದ್ದು!” ಹೆಲ್ತ್ ಇನ್‌ಸ್ಪೆಕ್ಟರು ನಮ್ಮ ಬಾಗಿಲಲ್ಲಿ ನಿಂತು, ಕಳ್ಳರಿಗೆ ಶಿಕ್ಷೆ ಓದುವಂತೆ ಓದಿ ಕರಪತ್ರವನ್ನು ನನ್ನ ಕೈಗೆ ತುರುಕಿದರು. ಅದು ಐವತ್ತೇಳನೇ ಇಸವಿಯ ಫ್ಲೂ ಜ್ವರದ ಕಾಲ. ರಾಜಾಜಿನಗರದ ನಮ್ಮ ಹೊಸ ಮನೆಯಲ್ಲಿ ಇನ್ನೂ ಸುಣ್ಣದ ವಾಸನೆ ಹೋಗಿರಲಿಲ್ಲ.

ಗದರಿಕೆಯನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಐದು ನಿಮಿಷದ ಹಿಂದೆ ಇದೇ ಮನುಷ್ಯ ಪಕ್ಕದ ಮನೆಯ ಶಾರದಮ್ಮನಿಗೆ ಇದೇ ಕರಪತ್ರವನ್ನು, ಅಣ್ಣ ತಂಗಿಗೆ ಹೇಳುವಂತೆ ಮೆಲ್ಲಗೆ ಓದಿ ಹೇಳಿದ್ದನ್ನು ಕಿಟಕಿಯಿಂದ ಕಂಡಿದ್ದೆ. ಕರಪತ್ರವನ್ನು ಅವರೆದುರೇ ಹರಿದು ಎಸೆದೆ.

“ಅವರೇನು ನಿಮ್ಮ ನೆಂಟರಾ? ನಾವೇನು ಕಳ್ಳರಾ?”

ಅವರು ಬಗ್ಗಿ ಚೂರುಗಳನ್ನು ಆಯ್ದುಕೊಂಡರು. ಪಕ್ಕದ ಮನೆಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. “ಅವರ ಮಗೂಗೆ ನಿನ್ನೆಯಿಂದ ಜ್ವರ ತಲೆಗೇರಿದೆ ತಾಯಿ. ಅಲ್ಲಿ ಗದರೋಕೆ ಬಾಯೇ ಬರ್ಲಿಲ್ಲ.”

ನನ್ನ ಬೆನ್ನ ಹಿಂದೆ ನಮ್ಮ ಮಕ್ಕಳಿಬ್ಬರೂ ಕಿರುಚಿಕೊಂಡು ಆಡುತ್ತಿದ್ದರು.

ಶಾರದಮ್ಮನ ಮಗು ವಾರದಲ್ಲಿ ಚೇತರಿಸಿಕೊಂಡಿತು. ಆದರೆ ಅಂದಿನಿಂದ, ಆರೋಗ್ಯ ಇಲಾಖೆಯವರು ಬಾಗಿಲಿಗೆ ಬಂದು ಗದರಿಸಿ ಹೋದರೆ ನನಗೆ ನೆಮ್ಮದಿ. ಮೆತ್ತಗೆ ಮಾತಾಡಿಸಿದರೆ ಎದೆ ಧಸಕ್ಕೆನ್ನುತ್ತದೆ.